ಹಳೇ ಲಕ್ಷುರಿ ಎಸ್‌ಯುವಿ: ಬ್ರೇಕ್ ಒತ್ತಿದ್ರೆ ಇಂಡಿಕೇಟರ್ ಮಿಣುಕುತ್ತೆ, ನಿಲ್ಲಿಸಿದ್ರೆ ಬ್ಯಾಟರಿ ಇಳಿಯುತ್ತೆ. ಬಾಡಿ ಮಾಡ್ಯೂಲ್ ಬದಲಿಸಲೇಬೇಕಾ?

ರಾತ್ರಿಪಾಳಿ:

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ದೊಡ್ಡ ಎಸ್‌ಯುವಿ ತಗೊಂಡಿದ್ದೀನಿ. ಕಂಪನಿ ಹೆಸರು ಬೇಡ. ಹೇಳಿದ್ರೆ ಅರ್ಧ ಜನ "ಅದನ್ನ ಯಾಕೆ ತಗೊಂಡ್ರಿ" ಅಂತಾರೆ, ಇನ್ನರ್ಧ ಜನ ಅವರ ಜೊತೆ ಜಗಳಕ್ಕೆ ನಿಲ್ತಾರೆ, ನನ್ನ ಲೈಟು ಮಾತ್ರ ಹಾಗೇ ಉಳಿಯುತ್ತೆ. ಡೀಸೆಲ್, ಆಟೋಮ್ಯಾಟಿಕ್, ತಿರುವಿನಲ್ಲಿ ಸ್ಟಿಯರಿಂಗ್ ಜೊತೆ ತಿರುಗೋ ಕ್ಸೆನಾನ್ ಹೆಡ್‌ಲೈಟ್, ಬಟನ್ ಒತ್ತಿದ್ರೆ ತಾನೇ ಏಳೋ ಡಿಕ್ಕಿ ಬಾಗಿಲು. ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಬಗ್ಗೆ ಒಂದು ಮಾತೂ ಆಡೋ ಹಾಗಿಲ್ಲ. ಕಷ್ಟ ಎಲ್ಲಾ ಲೈಟಿಂದು.

ನನ್ನ ಕೆಲಸ ರಾತ್ರಿ ಪಾಳಿ. ಹೋಗೋದೂ ಕತ್ತಲಲ್ಲಿ, ಬರೋದೂ ಬೆಳಕು ಹರಿಯೋ ಮುಂಚೆ. ಹಾಗಾಗಿ ಲೈಟ್ ಕೆಟ್ಟಿದ್ರೆ "ಆಮೇಲೆ ನೋಡೋಣ" ಅನ್ನೋ ಹಾಗಿಲ್ಲ.

ಒಂದೊಂದಾಗಿ ಹೇಳ್ತೀನಿ, ಯಾವುದಕ್ಕೆ ಯಾವುದು ಸಂಬಂಧ ಅಂತ ನನಗೆ ಗೊತ್ತಿಲ್ಲ. ಹಿಂದಿನ ಎಡ ಲೈಟು: ಬ್ರೇಕ್ ಒತ್ತಿದ್ರೆ ಬ್ರೇಕ್ ಲೈಟು ಮಂಕಾಗಿ ಉರಿಯುತ್ತೆ, ಪಕ್ಕದ ಇಂಡಿಕೇಟರ್ ಕೂಡ ಸಣ್ಣಗೆ ಮಿಣುಕುತ್ತೆ. ಇಂಡಿಕೇಟರ್ ನಾನು ಹಾಕಿಲ್ಲ! ಹಿಂದೆ ಬರ್ತಿದ್ದ ಸಹೋದ್ಯೋಗಿ ಹೇಳಿದ ಮೇಲೆ ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ ಕನ್ನಡಿಯಲ್ಲಿ ನೋಡ್ದೆ, ನಿಜ. ಡಿಕ್ಕಿ ಬಾಗಿಲಲ್ಲಿರೋ ನಂಬರ್ ಪ್ಲೇಟ್ ಲೈಟು, ರಿವರ್ಸ್ ಲೈಟು ಮನಸ್ಸು ಬಂದಾಗ ಮಾತ್ರ ಉರಿಯುತ್ತವೆ. ಡಿಕ್ಕಿ ಅರ್ಧ ಎತ್ತಿ ಹಿಡಿದ್ರೆ ಎರಡೂ ಉರಿಯುತ್ತವೆ, ಮುಚ್ಚಿದ್ರೆ ಮತ್ತೆ ಕತ್ತಲೆ. ಓಡಿಸ್ತಾ ಇರೋವಾಗ ಆಗಾಗ "ಡಿಕ್ಕಿ ತೆರೆದಿದೆ" ಅಂತ ಡ್ಯಾಶ್‌ಬೋರ್ಡ್ ಕೂಗುತ್ತೆ, ಇಳಿದು ನೋಡಿದ್ರೆ ಭದ್ರವಾಗಿ ಮುಚ್ಚಿರುತ್ತೆ.

ಬಲಗಡೆ ಹೆಡ್‌ಲೈಟು ಸ್ವಲ್ಪ ಹೊತ್ತು ಸರಿಯಾಗಿ ಉರಿದು, ಗುಲಾಬಿ ಬಣ್ಣಕ್ಕೆ ತಿರುಗಿ, ಆರಿಹೋಗುತ್ತೆ. ಆಫ್ ಮಾಡಿ ಆನ್ ಮಾಡಿದ್ರೆ ಮತ್ತೆ ಬರುತ್ತೆ. ಎರಡೂ ಹೆಡ್‌ಲೈಟಿನ ಬೆಳಕು ನೆಲ ನೋಡ್ಕೊಂಡಿದೆ ಅನ್ನಿಸುತ್ತೆ, ದೂರ ಬೀಳ್ತಾ ಇಲ್ಲ. ಇದೆಲ್ಲಾ ಸಾಲದು ಅಂತ ರಜೆ ದಿನ ಗಾಡಿ ಹೊರಗೆ ತೆಗೀದೇ ಇದ್ರೆ ಬ್ಯಾಟರಿ ಖಾಲಿ. ಬ್ಯಾಟರಿ ಹೊಸದು, ನಾನೇ ಹಾಕಿಸಿದ್ದು.

ಗ್ಯಾರೇಜಲ್ಲಿ ಸ್ಕ್ಯಾನರ್ ಹಾಕಿ ದೋಷದ ಕೋಡ್‌ಗಳ ಉದ್ದನೆಯ ಪಟ್ಟಿ ತೆಗೆದು, "ಬಾಡಿ ಕಂಟ್ರೋಲ್ ಮಾಡ್ಯೂಲ್ (ಲೈಟು, ಲಾಕು ನೋಡ್ಕೊಳ್ಳೋ ಕಂಪ್ಯೂಟರ್) ಹೋಗಿದೆ, ಬದಲಿಸಬೇಕು, ಜೊತೆಗೆ ಹೆಡ್‌ಲೈಟ್ ಪೂರ್ತಿ ಸೆಟ್" ಅಂದ್ರು. ಅವರು ಹೇಳಿದ ಮೊತ್ತ ಇಲ್ಲಿ ಬರೆಯೋಕೆ ನಾಚಿಕೆ ಆಗುತ್ತೆ. ಇಷ್ಟೆಲ್ಲಾ ಕಾಯಿಲೆಗೂ ಮೂಲ ಒಂದೇ ಮಾಡ್ಯೂಲಾ? ನನ್ನ ಹತ್ರ ಮಲ್ಟಿಮೀಟರ್ ಇದೆ, ಬಳಸೋಕೆ ಅಷ್ಟಿಷ್ಟು ಬರುತ್ತೆ. ಸ್ಪ್ಯಾನರ್ ಹಿಡಿಯೋಕೆ ಹೆದರಲ್ಲ.

ಡೀಸೆಲ್‌ದಾಸ:

ಗುರೂ, ಇಂಥ ಗಾಡಿಗಳಲ್ಲಿ ಎಲೆಕ್ಟ್ರಿಕಲ್ ಅಂದ್ರೆ ಹಿಂಗೇನೇ. ಹಿಂದಿನ ಬಲ್ಬ್ ಎಲ್ಲಾ ಕಿತ್ತು ಎಲ್‌ಇಡಿ ಹಾಕ್ಬಿಡಿ, ಕರೆಂಟ್ ಕಮ್ಮಿ ಎಳೀತವೆ, ಬ್ಯಾಟರಿನೂ ಉಳಿಯುತ್ತೆ. ಬಲ್ಬ್ ಹೋಗಿದೆ ಅಂತ ಎರರ್ ಬಂದ್ರೆ ರೆಸಿಸ್ಟರ್ ಸಿಗುತ್ತೆ, ಹಾಕಿದ್ರೆ ಮೆಸೇಜ್ ಮಾಯ. ನಾನು ಹಾಗೇ ಓಡಿಸ್ತಾ ಇದ್ದೀನಿ, ಏನೂ ಆಗಿಲ್ಲ.

ತಾಮ್ರದತಂತಿ:

ಮೊದಲು ದಾಸಪ್ಪನವರಿಗೆ: ನಿಲ್ಲಿಸಿದ ಗಾಡಿಯಲ್ಲಿ ಇಂಡಿಕೇಟರ್ ಬಲ್ಬ್ ಉರಿಯೋದೇ ಇಲ್ಲ, ಅದನ್ನ ಎಲ್‌ಇಡಿ ಮಾಡಿದ್ರೆ ಬ್ಯಾಟರಿ ಹೇಗೆ ಉಳಿಯುತ್ತೆ? ಕರೆಂಟ್ ಕಮ್ಮಿ ಎಳೆಯೋ ಬಲ್ಬ್ ಹಾಕಿ, ಆಮೇಲೆ ಅದು ಕಮ್ಮಿ ಎಳೀತಾ ಇದೆ ಅನ್ನೋದನ್ನ ಮುಚ್ಚಿಡೋಕೆ ರೆಸಿಸ್ಟರ್ ಹಾಕಿದ್ರೆ, ಒಟ್ಟು ಎಳೆತ ಮೊದಲಿನಷ್ಟೇ. ಲೈಟ್ ಆಗಬೇಕಾಗಿದ್ದ ಕರೆಂಟು ಶಾಖ ಆಗುತ್ತೆ. 6 ಓಮ್ ರೆಸಿಸ್ಟರ್ ಮೇಲೆ 14 ವೋಲ್ಟ್ ಬಿದ್ದಾಗ ಅದು 30 ವ್ಯಾಟ್‌ಗೂ ಜಾಸ್ತಿ ಬಿಸಿ ಕಕ್ಕುತ್ತೆ. ಪ್ಲಾಸ್ಟಿಕ್ ಪಕ್ಕ ಇಟ್ಟು ಮರೆತುಬಿಟ್ಟವರ ಗಾಡಿ ರಿಪೇರಿ ಮಾಡಿಯೇ ನನ್ನ ಹೊಟ್ಟೆ ತುಂಬ್ತಾ ಇರೋದು.

ಈಗ ರಾತ್ರಿಪಾಳಿಯವರೇ, ನಿಮ್ಮದು. ನೀವು ಬರೆದಿರೋದರಲ್ಲೇ ಅರ್ಧ ಉತ್ತರ ಇದೆ. ಬಾಡಿ ಮಾಡ್ಯೂಲ್ ಇಂಥ ಗಾಡಿಯಲ್ಲಿ ಸಾಮಾನ್ಯವಾಗಿ ಮುಂದಿನ ಇಂಡಿಕೇಟರ್, ವೈಪರ್, ಸೆಂಟ್ರಲ್ ಲಾಕ್, ಒಳಗಿನ ಲೈಟು ಎಲ್ಲಾ ನೋಡ್ಕೊಳ್ಳುತ್ತೆ. ಅವೆಲ್ಲಾ ಸರಿಯಾಗಿವೆ ತಾನೇ? ಅದು ಸತ್ತಿದ್ರೆ ಆಯ್ದು ಆಯ್ದು ಡಿಕ್ಕಿ ಬಾಗಿಲಿನ ಲೈಟಿಗೆ ಮಾತ್ರ ತೊಂದರೆ ಕೊಡಲ್ಲ. ಡಿಕ್ಕಿ ಎತ್ತಿದ್ರೆ ಉರಿದು ಇಳಿಸಿದ್ರೆ ಆರೋ ಲೈಟಿಗೂ ಮಾಡ್ಯೂಲಿಗೂ ಏನು ಸಂಬಂಧ? ಬಾಗಿಲು ಎತ್ತಿದಾಗ ಮಾಡ್ಯೂಲ್ ಅಲ್ಲಾಡಲ್ಲ, ತಂತಿ ಅಲ್ಲಾಡುತ್ತೆ.

ಸ್ಕ್ಯಾನರ್ ಪಟ್ಟಿ ನೋಡಿ ಭಾಗ ಬದಲಿಸೋದು ನಮ್ಮ ಕಸುಬಿಗೆ ಹಿಡಿದಿರೋ ರೋಗ. "ಎಡ ಬ್ರೇಕ್ ಲೈಟ್ ಸರ್ಕ್ಯೂಟ್ ಓಪನ್" ಅಂತ ಕೋಡ್ ಬಂದ್ರೆ ಮಾಡ್ಯೂಲ್ ಹೇಳ್ತಾ ಇರೋದು ಇಷ್ಟೇ: ನಾನು ವೋಲ್ಟೇಜ್ ಕಳಿಸ್ದೆ, ನಿರೀಕ್ಷೆ ಮಾಡಿದಷ್ಟು ಕರೆಂಟ್ ಹರೀಲಿಲ್ಲ. ಬಲ್ಬ್ ಹೋಗಿರಬಹುದು, ತಂತಿ ತುಂಡಾಗಿರಬಹುದು, ಹೋಲ್ಡರ್ ಸುಟ್ಟಿರಬಹುದು, ಗ್ರೌಂಡ್, ಅಂದ್ರೆ ಕರೆಂಟು ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗೋ ದಾರಿ, ಕೈಕೊಟ್ಟಿರಬಹುದು. ದೂರು ಕೊಟ್ಟವನನ್ನೇ ಹಿಡಿದು ಒಳಗೆ ಹಾಕಿದ ಹಾಗಾಯ್ತು ನಿಮ್ಮ ಗ್ಯಾರೇಜಿನ ಕಥೆ. ಅದೂ ಅಲ್ಲದೆ ಹೊಸ ಮಾಡ್ಯೂಲ್ ಸುಮ್ಮನೆ ಚುಚ್ಚಿದ್ರೆ ನಡೆಯಲ್ಲ, ಆ ಗಾಡಿಗೆ ಕೋಡಿಂಗ್ ಆಗಬೇಕು. ಕೆಲವು ಕಂಪನಿಗಳಲ್ಲಿ ಬೇರೆ ಗಾಡಿಯಿಂದ ತೆಗೆದ ಮಾಡ್ಯೂಲ್ ಒಪ್ಪೋದೂ ಇಲ್ಲ.

ಎಲ್ಲಕ್ಕಿಂತ ಮೊದಲು ಬ್ಯಾಟರಿ. ರಾತ್ರಿಯಿಡೀ ಸುಮ್ಮನಿದ್ದ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು ಇದ್ರೆ ತುಂಬಿದೆ ಅಂತ, ಎಜಿಎಂ ಅನ್ನೋ ಬಗೆಯ ಬ್ಯಾಟರಿ ಆದ್ರೆ ಇನ್ನೂ ಸ್ವಲ್ಪ ಮೇಲೆ. 12.2ಕ್ಕೆ ಬಂದ್ರೆ ಅರ್ಧ ಖಾಲಿ. ವೋಲ್ಟೇಜ್ ಕುಸಿದ ಗಾಡಿ ಇಲ್ಲಸಲ್ಲದ ಕೋಡ್ ಎಲ್ಲಾ ಹಾಕುತ್ತೆ, ಆ ಪಟ್ಟಿ ನಂಬೋ ಹಾಗಿಲ್ಲ. ಚಾರ್ಜರ್ ಹಾಕಿ ತುಂಬಿಸಿ, ಕೋಡ್ ಎಲ್ಲಾ ಅಳಿಸಿ, ಒಂದೆರಡು ದಿನ ಓಡಿಸಿ. ಯಾವುದು ವಾಪಸ್ ಬರುತ್ತೋ ಅದು ನಿಜವಾದದ್ದು. ಹೊಸ ಬ್ಯಾಟರಿ ಹಾಕಿದಾಗ ಸ್ಕ್ಯಾನರ್‌ನಲ್ಲಿ ನೋಂದಾಯಿಸಿದ್ರಾ ಅಂತಲೂ ಕೇಳಿ. ಇಂಥ ಎಷ್ಟೋ ಗಾಡಿಗಳು ಬ್ಯಾಟರಿಯ ವಯಸ್ಸು ಲೆಕ್ಕ ಇಟ್ಟು ಚಾರ್ಜ್ ಮಾಡುತ್ತವೆ. ಹೇಳದಿದ್ರೆ ಹಳೇ ಬ್ಯಾಟರಿ ಅಂದ್ಕೊಂಡೇ ಚಾರ್ಜ್ ಮಾಡ್ತಾ ಇರುತ್ತೆ.

ಹಿಂದಿನ ಎಡ ಲೈಟು. ಒಂದು ಲೈಟ್ ಹಾಕಿದಾಗ ಪಕ್ಕದ್ದು ಮಿಣುಕಿದ್ರೆ ಕಣ್ಣು ಮುಚ್ಚಿ ಗ್ರೌಂಡ್ ನೋಡಿ. ಆ ಲೈಟಿನ ಬಲ್ಬುಗಳೆಲ್ಲಾ ಒಂದೇ ಗ್ರೌಂಡ್ ತಂತಿ ಹಂಚ್ಕೊಂಡಿರುತ್ತವೆ. ಅದು ಕೆಟ್ಟಾಗ ಬ್ರೇಕ್ ಲೈಟಿನ ಕರೆಂಟು ಪಕ್ಕದ ಬಲ್ಬಿನ ಒಳಗಿಂದ ಹಿಮ್ಮುಖವಾಗಿ ನುಗ್ಗಿ ಬೇರೆ ದಾರಿ ಹುಡುಕುತ್ತೆ. ನಿಮ್ಮಲ್ಲಿ ಇಂಡಿಕೇಟರ್ ಮಿಣುಕ್ತಾ ಇದೆ ಅಂದ್ರೆ ಆ ಕಡೆ ಎಲ್ಲೋ ಅದಕ್ಕೆ ಇನ್ನೊಂದು ಗ್ರೌಂಡ್ ಸಿಕ್ಕಿದೆ. ಅದು ಏನು ಅಂತ ಬಿಚ್ಚಿದ ಮೇಲೇ ಗೊತ್ತಾಗೋದು. ಹಿಂದಿನ ಮಾಲೀಕರು ಏನಾದ್ರೂ ಕೈಚಳಕ ತೋರಿಸಿದ್ದಾರಾ ಅಂತ ನೋಡಿ.

ಅಳೆಯೋದು ಹೀಗೆ. ಮೀಟರ್ ಡಿಸಿ ವೋಲ್ಟಲ್ಲಿಡಿ. ಕಪ್ಪು ಪ್ರೋಬ್ ಬ್ಯಾಟರಿಯ ಮೈನಸ್‌ಗೆ, ಉದ್ದ ತಂತಿ ಬೇಕಾದ್ರೆ ಜೋಡಿಸ್ಕೊಳ್ಳಿ. ಕೆಂಪು ಪ್ರೋಬ್ ಲೈಟಿನ ಕನೆಕ್ಟರ್ ಹಿಂದಿನಿಂದ ಗ್ರೌಂಡ್ ಪಿನ್‌ಗೆ. ಕನೆಕ್ಟರ್ ಕೀಳಬೇಡಿ, ಲೈಟ್ ಉರೀತಾನೇ ಇರಬೇಕು. ಯಾರಿಗಾದ್ರೂ ಬ್ರೇಕ್ ಒತ್ತೋಕೆ ಹೇಳಿ. 0.1, ಹೆಚ್ಚಂದ್ರೆ 0.2 ವೋಲ್ಟ್ ತೋರಿಸಿದ್ರೆ ಗ್ರೌಂಡ್ ಚೆನ್ನಾಗಿದೆ. ಅದಕ್ಕಿಂತ ಮೇಲೆ ಹೋದ್ರೆ ಕಳ್ಳ ಸಿಕ್ಕ.

ಇದನ್ನ ಓಮ್ ಇಟ್ಟು ಅಳೆದು "ಸರಿ ಇದೆ" ಅಂತ ಬರೋರು ಬಹಳ ಜನ. ಮೀಟರ್ ಓಮ್ ಅಳೆಯೋವಾಗ ಕಳಿಸೋ ಕರೆಂಟು ತೀರಾ ಸಣ್ಣದು. ತಂತಿಯಲ್ಲಿ ಒಂದೇ ಒಂದು ಎಳೆ ಉಳಿದಿದ್ರೂ ಅದಕ್ಕೆ ಎಲ್ಲಾ ಚೆನ್ನಾಗೇ ಕಾಣುತ್ತೆ. 21 ವ್ಯಾಟ್ ಬ್ರೇಕ್ ಬಲ್ಬಿಗೆ ಬೇಕಾಗೋದು ಸುಮಾರು ಒಂದೂಮುಕ್ಕಾಲು ಆಂಪಿಯರ್. ದಾರಿಯಲ್ಲಿ 1 ಓಮ್ ಅಡ್ಡಿ ಇದ್ರೂ ಒಂದೂವರೆ ವೋಲ್ಟ್ ಅಲ್ಲೇ ತಿಂದುಹೋಗುತ್ತೆ. ಆದ್ದರಿಂದ ಲೈಟ್ ಉರೀತಾ ಇರೋವಾಗಲೇ ಅಳೀಬೇಕು. ಇನ್ನೊಂದು ಎಚ್ಚರಿಕೆ: ಪ್ಲಸ್ ಕಡೆ ಅಳೆದಾಗ 12ಕ್ಕಿಂತ ಕಮ್ಮಿ ಕಂಡ್ರೆ ಗಾಬರಿ ಬೇಡ. ಈ ಗಾಡಿಗಳು ಬಲ್ಬನ್ನ ಸೆಕೆಂಡಿಗೆ ನೂರಾರು ಸಲ ಆನ್ ಆಫ್ ಮಾಡಿ ಬೆಳಕು ಹೊಂದಿಸ್ತವೆ, ಮೀಟರ್ ಸರಾಸರಿ ತೋರಿಸುತ್ತೆ. ಹಳದಿ ಕವಚದ ತಂತಿಗಳ ಹತ್ರ ಮಾತ್ರ ಪ್ರೋಬ್ ತಗೊಂಡು ಹೋಗಬೇಡಿ, ಅವು ಸಾಮಾನ್ಯವಾಗಿ ಏರ್‌ಬ್ಯಾಗಿಂದು.

ನಂಬರ್ ಪ್ಲೇಟ್, ರಿವರ್ಸ್, "ಡಿಕ್ಕಿ ತೆರೆದಿದೆ", ಬ್ಯಾಟರಿ ಇಳಿಯೋದು: ಈ ನಾಲ್ಕೂ ಒಂದೇ ಕಡೆಯಿಂದ ಬರ್ತಿವೆ ಅಂತ ನನ್ನ ಗುಮಾನಿ. ಡಿಕ್ಕಿ ಹಿಂಜ್ ಹತ್ರ ಚಾವಣಿಯಿಂದ ಬಾಗಿಲಿಗೆ ಹೋಗೋ ಸುಕ್ಕುಸುಕ್ಕಾದ ರಬ್ಬರ್ ಕೊಳವೆ ಇರುತ್ತಲ್ಲ, ಅದರ ಎರಡೂ ತುದಿ ಬಿಡಿಸಿ ಹಿಂದಕ್ಕೆ ಸರಿಸಿ. ಒಳಗಿನ ತಂತಿಗಳು ಪ್ರತಿ ಸಲ ಬಾಗಿಲು ತೆಗೆದಾಗಲೂ ಒಂದೇ ಜಾಗದಲ್ಲಿ ಬಾಗ್ತವೆ. ವರ್ಷಗಟ್ಟಲೆ ಬಾಗಿ ಬಾಗಿ ಒಳಗಿನ ತಾಮ್ರ ತುಂಡಾಗಿರುತ್ತೆ, ಹೊರಗಿನ ಪ್ಲಾಸ್ಟಿಕ್ ಮಾತ್ರ ನೆಟ್ಟಗಿರುತ್ತೆ. ನೋಡಿದ್ರೆ ಗೊತ್ತಾಗಲ್ಲ. ಒಂದೊಂದೇ ತಂತಿ ಬೆರಳಲ್ಲಿ ಮೆತ್ತಗೆ ಎಳೀರಿ, ತುಂಡಾಗಿರೋದು ರಬ್ಬರ್ ಬ್ಯಾಂಡ್ ಥರ ಹಿಗ್ಗುತ್ತೆ. ಬಾಗಿಲು ಮುಚ್ಚಿದೆ ಅಂತ ಹೇಳೋ ಲಾಕಿನ ಸ್ವಿಚ್ಚಿನ ತಂತಿಯೂ ಅದೇ ಕಟ್ಟಲ್ಲಿ ಹೋಗುತ್ತೆ. ಅದು ತುಂಡಾದ್ರೆ ಗಾಡಿ ಡಿಕ್ಕಿ ತೆರೆದಿದೆ ಅಂದ್ಕೊಂಡು ಮಲಗೋದೇ ಇಲ್ಲ. ಮಾಡ್ಯೂಲುಗಳು ಎಚ್ಚರವಾಗಿ ಮಾತಾಡ್ಕೊಳ್ತಾ ಕೂತ್ರೆ ಕೆಲವು ಆಂಪಿಯರ್ ಹೋಗುತ್ತೆ. 3 ಆಂಪಿಯರ್ ಅಂದ್ಕೊಳ್ಳಿ, ಹನ್ನೆರಡು ಗಂಟೆಗೆ 36 ಆಂಪಿಯರ್-ಅವರ್ ಖಾಲಿ. ನಿಮ್ಮ ಬ್ಯಾಟರಿ 90 ಚಿಲ್ಲರೆ ಇರಬಹುದು. ರಜೆ ಮುಗಿಯೋ ಹೊತ್ತಿಗೆ ಏನು ಉಳಿಯುತ್ತೆ ಹೇಳಿ.

ಬಲಗಡೆ ಹೆಡ್‌ಲೈಟು: ಗುಲಾಬಿಗೆ ತಿರುಗಿ ಆರೋದು ಕ್ಸೆನಾನ್ ಬಲ್ಬ್ ಮುದಿಯಾದ ಲಕ್ಷಣ. ಪೂರ್ತಿ ಸೆಟ್ ಬೇಡ. ಎಡ ಬಲದ ಬಲ್ಬ್ ಅದಲು ಬದಲು ಮಾಡಿ. ತೊಂದರೆ ಎಡಕ್ಕೆ ಹೋದ್ರೆ ಬಲ್ಬು, ಬಲದಲ್ಲೇ ಉಳಿದ್ರೆ ಬ್ಯಾಲಸ್ಟು (ಬಲ್ಬಿಗೆ ಬೇಕಾದ ವೋಲ್ಟೇಜ್ ಕೊಡೋ ಪೆಟ್ಟಿಗೆ) ಅಥವಾ ಅದಕ್ಕೆ ಬರೋ ತಂತಿ. ಒಂದೇ ಮಾತು: ಹೊತ್ತಿಸೋ ಕ್ಷಣಕ್ಕೆ ಅಲ್ಲಿ 20,000 ವೋಲ್ಟಿಗೂ ಮೇಲೆ ಇರುತ್ತೆ. ಲೈಟ್ ಆಫ್, ಕೀ ದೂರ, ಬ್ಯಾಟರಿ ಮೈನಸ್ ಬಿಚ್ಚಿ, ಸ್ವಲ್ಪ ಕಾದು ಆಮೇಲೆ ಕೈ ಹಾಕಿ. ಗಾಜು ಬರಿಗೈಲಿ ಮುಟ್ಟಬೇಡಿ.

ಅಳೆದು ಬಂದು ಬರೀರಿ. ಅಲ್ಲಿವರೆಗೆ ಯಾವ ಭಾಗವೂ ಕೊಳ್ಳಬೇಡಿ.

ಗಾಜಿನಹಿಂದೆ:

ತಾಮ್ರದತಂತಿ ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಏಕೆಂದರೆ ಇದನ್ನು ಬಿಟ್ಟರೆ ಕನೆಕ್ಟರ್ ಸರಿ ಮಾಡಿದರೂ ಮತ್ತೆ ಹಾಳಾಗುತ್ತದೆ. ಹಿಂದಿನ ಲೈಟು ಬಿಚ್ಚಿದಾಗ ಅದರ ಹಿಂದಿನ ರಬ್ಬರ್ ಅಥವಾ ಫೋಮ್ ಗ್ಯಾಸ್ಕೆಟ್ ನೋಡಿ. ಹಳೆಯ ಗಾಡಿಗಳಲ್ಲಿ ಅದು ಚಪ್ಪಟೆಯಾಗಿ ಒಂದು ಕಡೆ ಬಿರುಕು ಬಿಟ್ಟಿರುತ್ತದೆ. ನೀರು ಅಲ್ಲಿಂದ ಒಳಬಂದು ಕನೆಕ್ಟರ್ ಮೇಲೆ ಹನಿಯುತ್ತದೆ, ಅಲ್ಲಿಂದ ಡಿಕ್ಕಿಯ ಪಕ್ಕದ ತಗ್ಗಿಗೆ ಇಳಿದು ನಿಲ್ಲುತ್ತದೆ. ಹಲವು ಎಸ್‌ಯುವಿಗಳಲ್ಲಿ ಅದೇ ತಗ್ಗಿನಲ್ಲಿ ಆಂಪ್ಲಿಫೈಯರ್, ಡಿಕ್ಕಿ ಬಾಗಿಲಿನ ಮಾಡ್ಯೂಲ್, ಕೆಲವದರಲ್ಲಿ ಬ್ಯಾಟರಿಯೇ ಇರುತ್ತದೆ. ಸನ್‌ರೂಫ್ ಇದ್ದರೆ ಅದರ ಹಿಂದಿನ ನೀರಿನ ಕೊಳವೆಗಳು ಕಟ್ಟಿಕೊಂಡಿವೆಯೇ ಎಂದೂ ನೋಡಿ. ಚಾಪೆ ಎತ್ತಿ ಕೈಯಿಟ್ಟು ನೋಡಿದರೆ ಒದ್ದೆ ಗೊತ್ತಾಗುತ್ತದೆ, ಮೂಗೇ ಮೊದಲು ಹೇಳಿಬಿಡುತ್ತದೆ.

ಹೆಡ್‌ಲೈಟ್ ಒಳಗೆ ತೆಳು ಮಂಜು ಕಂಡು, ಸ್ವಲ್ಪ ಹೊತ್ತು ಉರಿಸಿದ ಮೇಲೆ ಹೋದರೆ ಚಿಂತೆಯಿಲ್ಲ, ಗಾಳಿಯಾಡುವ ಕಿಂಡಿಗಳು ಅದಕ್ಕೇ ಇರುವುದು. ತಳದಲ್ಲಿ ನೀರು ಕುಲುಕಿದರೆ ಮಾತ್ರ ಅಸಡ್ಡೆ ಮಾಡಬೇಡಿ. ಎಷ್ಟೋ ಹೆಡ್‌ಲೈಟ್‌ಗಳಲ್ಲಿ ಬ್ಯಾಲಸ್ಟ್ ಮತ್ತು ಹಗಲು ದೀಪದ ಮಾಡ್ಯೂಲ್ ಕೆಳಭಾಗದಲ್ಲೇ ತೂಗಿಕೊಂಡಿರುತ್ತವೆ. ತಳಕ್ಕೆ ಡ್ರಿಲ್ ಮಾಡಿ ನೀರು ಹರಿಸುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ನೀರು ಹೋಗುವ ತೂತಿನಿಂದಲೇ ನೀರು, ದೂಳು ಎರಡೂ ಬರುತ್ತವೆ.

ರಾತ್ರಿಪಾಳಿ:

ಬಂದೆ. ಮೊದಲು ಫಲಿತಾಂಶ, ಆಮೇಲೆ ನಗು.

ಬ್ಯಾಟರಿ ಬೆಳಿಗ್ಗೆ 12.1 ತೋರಿಸ್ತು. ಚಾರ್ಜರ್ ಹಾಕಿ ತುಂಬಿಸಿ ಕೋಡ್ ಅಳಿಸಿದ ಮೇಲೆ ಪಟ್ಟಿಯಲ್ಲಿ ಬಹುಪಾಲು ವಾಪಸ್ ಬರಲೇ ಇಲ್ಲ. ಏರ್ ಸಸ್ಪೆನ್ಷನ್, ಪಾರ್ಕಿಂಗ್ ಸೆನ್ಸರ್ ಅಂತ ನನ್ನನ್ನ ಹೆದರಿಸಿದ್ದವೆಲ್ಲಾ ನಾಪತ್ತೆ. ಉಳಿದಿದ್ದು ಹಿಂದಿನ ಎಡ ಲೈಟು, ಡಿಕ್ಕಿ ಲಾಕ್ ಸ್ವಿಚ್, ನಂಬರ್ ಪ್ಲೇಟ್, ರಿವರ್ಸ್, ಹೆಡ್‌ಲೈಟ್ ಎತ್ತರ ಹೊಂದಿಸೋದು.

ಎಡ ಲೈಟಿನ ಗ್ರೌಂಡ್ ಪಿನ್, ಬ್ರೇಕ್ ಒತ್ತಿದಾಗ: 3.4 ವೋಲ್ಟ್! ಬಲಗಡೆ ಅದೇ ಥರ ಅಳೆದ್ರೆ 0.06. ಲೈಟ್ ಹೊರಗೆ ತೆಗೆದೆ. ಗ್ರೌಂಡ್ ಪಿನ್ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಒಂದು ಕಡೆ ಕರಗಿದೆ, ಪಿನ್ ಮೇಲೆ ಹಸಿರು ಕಿಲುಬು. ಗ್ಯಾಸ್ಕೆಟ್ ಕೆಳಗಿನ ಮೂಲೆಯಲ್ಲಿ ಬಾಯಿ ಬಿಟ್ಟಿದೆ, ಗಾಜಿನಹಿಂದೆ ಅವರು ಹೇಳಿದ ಹಾಗೇ.

ಈಗ ನಗು. ಇಂಡಿಕೇಟರ್ ಹೋಲ್ಡರಲ್ಲಿ ಎಲ್‌ಇಡಿ ಬಲ್ಬು. ಅದರ ತಂತಿಗೆ ಕಚ್ಚಿಸಿರೋ ಚಿನ್ನದ ಬಣ್ಣದ ರೆಸಿಸ್ಟರು, ಫೋಮ್ ಮೇಲೆ ಟೇಪ್ ಸುತ್ತಿ ಮಲಗಿಸಿದ್ದಾರೆ. ಫೋಮ್ ಸುಟ್ಟು ಕರಕಲಾಗಿದೆ. ರೆಸಿಸ್ಟರಿನ ಇನ್ನೊಂದು ತುದಿ ಬಾಡಿಯ ಸ್ಕ್ರೂಗೆ ಬಿಗಿದಿದ್ದಾರೆ. ತಾಮ್ರದತಂತಿಯವರೇ, "ಇನ್ನೊಂದು ಗ್ರೌಂಡ್" ಅಂದ್ರಲ್ಲ, ಇದೇನಾ?

ಹಿಂಜ್ ಹತ್ರದ ಕೊಳವೆನೂ ಬಿಚ್ಚಿದೆ. ಎಳೆದ ಮೊದಲನೇ ತಂತಿನೇ ಹಿಗ್ಗಿ ಕೈಗೆ ಬಂತು. ಇನ್ನೂ ಕೆಲವು ಬರೀ ಪ್ಲಾಸ್ಟಿಕ್ ಮೇಲೆ ನೇತಾಡ್ತಿವೆ. ಜೋಡಿಸೋದು ಹೇಗೆ? ಬೆಸುಗೆ ಹಾಕ್ಲಾ? ಅದರ ಜೊತೆ ಒಂದು ದಪ್ಪ ಕಪ್ಪು ಕೇಬಲ್ ಇದೆ, ಅದು ಹಿಂದಿನ ಕ್ಯಾಮೆರಾದ್ದು ಇರಬೇಕು.

ತಾಮ್ರದತಂತಿ:

ಅದೇ. ರೆಸಿಸ್ಟರ್ ಹಾಕಿದ ಪುಣ್ಯಾತ್ಮ ಇಂಡಿಕೇಟರ್ ತಂತಿಯನ್ನ ಗಾಡಿಯ ಲೋಹದ ಮೈಗೆ ಸೇರಿಸಿಬಿಟ್ಟಿದ್ದಾನೆ. ಲೈಟಿನ ಸ್ವಂತ ಗ್ರೌಂಡ್ ಸುಟ್ಟಾಗ ಬ್ರೇಕಿನ ಕರೆಂಟು ಎಲ್‌ಇಡಿ ಬಲ್ಬಿನ ಒಳಗಿಂದ ಹಿಮ್ಮುಖವಾಗಿ ಹರಿದು, ರೆಸಿಸ್ಟರ್ ದಾಟಿ, ಸ್ಕ್ರೂ ಸೇರುತ್ತೆ. ಈ ಬಲ್ಬುಗಳಲ್ಲಿ ಬಹಳಷ್ಟು ಹೇಗೆ ತಿರುಗಿಸಿ ಹಾಕಿದ್ರೂ ಉರಿಯೋ ಹಾಗೆ ಮಾಡಿರ್ತಾರೆ, ಆದ್ದರಿಂದಲೇ ಮಿಣುಕ್ತಿತ್ತು. ಸ್ವಲ್ಪ ಕರೆಂಟ್ ಸಾಕು ಅವಕ್ಕೆ. ಇನ್ನೊಂದು ವಿಷಯ, ಮಾಡ್ಯೂಲ್ ಆರಿದ ಬಲ್ಬಿಗೂ ಆಗಾಗ ಕ್ಷಣಮಾತ್ರದ ಕರೆಂಟ್ ಕಳಿಸಿ ಬಲ್ಬ್ ಇದೆಯಾ ಅಂತ ಪರೀಕ್ಷೆ ಮಾಡುತ್ತೆ. ಫಿಲಮೆಂಟಿಗೆ ಅದು ಗೊತ್ತೇ ಆಗಲ್ಲ, ಎಲ್‌ಇಡಿ ಕಣ್ಣು ಮಿಟುಕಿಸುತ್ತೆ. ಎಲ್‌ಇಡಿ, ರೆಸಿಸ್ಟರ್ ಎರಡನ್ನೂ ಕಿತ್ತು ಗಾಡಿಗೆ ಹೇಳಿ ಮಾಡಿಸಿದ ಅಂಬರ್ ಬಲ್ಬ್ ಹಾಕಿ. ಕನೆಕ್ಟರಲ್ಲಿ ಸುಟ್ಟ ಪಿನ್ ಉಜ್ಜಿ ಉಪಯೋಗವಿಲ್ಲ, ಹಿಡಿತ ಸಡಿಲಾಗಿರುತ್ತೆ. ಕನೆಕ್ಟರ್ ಚಿಪ್ಪು, ಪಿನ್ ಬಿಡಿಯಾಗಿ ಸಿಗುತ್ತವೆ, ಲೈಟಿನ ಕಡೆಯ ಹೋಲ್ಡರ್ ಕೂಡ ಬದಲಿಸಿ. ಎರಡರಲ್ಲಿ ಒಂದೇ ಹೊಸದು ಮಾಡಿದ್ರೆ ಹಳೇದು ಹೊಸದನ್ನೂ ಸುಡುತ್ತೆ.

ಹಿಂಜ್ ತಂತಿಗೆ ಬೆಸುಗೆ ಬೇಡ, ಬಾಗೋ ಜಾಗದಲ್ಲಂತೂ ಬೇಡವೇ ಬೇಡ. ಸೀಸ ಎಳೆಗಳ ಒಳಗೆ ಹೀರಿಕೊಂಡು ಕಡ್ಡಿ ಥರ ಗಟ್ಟಿ ಮಾಡುತ್ತೆ, ಅದರ ಅಂಚಲ್ಲೇ ಮತ್ತೆ ಮುರಿಯುತ್ತೆ. ಬಾಗೋ ಉದ್ದ ಪೂರ್ತಿ ಕತ್ತರಿಸಿ ಹೊಸ ತಂತಿ ಹಾಕಿ, ಅದೇ ದಪ್ಪದ್ದು, ಸಣ್ಣ ಎಳೆಗಳದ್ದು, ಸಿಲಿಕಾನ್ ಕವಚದ್ದಾದ್ರೆ ಒಳ್ಳೇದು. ಜೋಡಣೆ ಎಲ್ಲಾ ಕೊಳವೆಯಿಂದ ಹೊರಗೆ, ಚಾವಣಿ ಒಳಗೊಂದು, ಬಾಗಿಲ ಒಳಗೊಂದು, ಅಲ್ಲಾಡದ ಜಾಗದಲ್ಲಿ ಬರಲಿ. ಕ್ರಿಂಪ್ ಮಾಡಿ (ಲೋಹದ ತೋಳಿಗೆ ತೂರಿಸಿ ಒತ್ತಿ) ಮೇಲೆ ಒಳಗೆ ಅಂಟಿರೋ ಹೀಟ್ ಶ್ರಿಂಕ್, ಅಂದ್ರೆ ಬಿಸಿ ಮಾಡಿದ್ರೆ ಕುಗ್ಗಿ ಅಪ್ಪಿಕೊಳ್ಳೋ ಕೊಳವೆ, ಹಾಕಿ. ಎಲ್ಲಾ ಜೋಡಣೆ ಒಂದೇ ಕಡೆ ಗುಂಪಾಗಬಾರದು, ಸ್ವಲ್ಪ ಸ್ವಲ್ಪ ಸರಿಸಿ ಮಾಡಿ, ಇಲ್ಲಾಂದ್ರೆ ಗಂಟಾಗಿ ಚಾವಣಿ ಬಟ್ಟೆ ಕೂರಲ್ಲ. ಒಂದು ಕತ್ತರಿಸಿ, ಅದನ್ನ ಜೋಡಿಸಿ, ಆಮೇಲೆ ಇನ್ನೊಂದು. ಎಲ್ಲಾ ಒಟ್ಟಿಗೆ ಕತ್ತರಿಸಿದ್ರೆ ಒಂದೇ ಬಣ್ಣದ ತಂತಿಗಳು ಎರಡು ಇದ್ದಾಗ ದೇವರೇ ಗತಿ. ದಪ್ಪ ಕಪ್ಪು ಕೇಬಲ್ ಮುಟ್ಟಬೇಡಿ, ಕ್ಯಾಮೆರಾ ಸರಿಯಾಗಿ ಬರ್ತಾ ಇದ್ರೆ ಅದನ್ನ ಬಿಟ್ಟುಬಿಡಿ. ಅದು ಮಾಮೂಲಿ ತಂತಿ ಥರ ಜೋಡಿಸೋದಲ್ಲ, ಹೋದ್ರೆ ಪೂರ್ತಿ ಬದಲಿಸಬೇಕು. ಇನ್ನೊಂದು ಹಿಂಜ್ ಕಡೆನೂ ಕೊಳವೆ ಇದ್ರೆ ಅದನ್ನೂ ಎಳೆದು ನೋಡಿ.

ಎಲ್ಲಾ ಮುಗಿದ ಮೇಲೆ ಗಾಡಿ ಮಲಗುತ್ತಾ ಅಂತ ಅಳೀರಿ. ಬಾನೆಟ್ ತೆರೆದು ಅದರ ಲಾಕನ್ನ ಸ್ಕ್ರೂಡ್ರೈವರಲ್ಲಿ ಮುಚ್ಚಿಸಿ, ಗಾಡಿ ಲಾಕ್ ಮಾಡಿ, ಕೀ ದೂರ ಇಟ್ಟು ಅರ್ಧ ಮುಕ್ಕಾಲು ಗಂಟೆ ಬಿಡಿ. ಬ್ಯಾಟರಿಯಿಂದ ಹೋಗೋ ಕರೆಂಟು 50 ಮಿಲಿಆಂಪಿಯರ್ ಒಳಗೆ ಬಂದ್ರೆ ಸಾಕು. ಜಾಸ್ತಿ ಇದ್ರೆ ಫ್ಯೂಸ್ ಕೀಳ್ತಾ ಹೋಗಬೇಡಿ, ಕಿತ್ತು ಹಾಕಿದ್ರೆ ಮಾಡ್ಯೂಲ್ ಎದ್ದು ಕೂರುತ್ತೆ, ಮತ್ತೆ ಮೊದಲಿಂದ ಕಾಯಬೇಕು. ಫ್ಯೂಸಿನ ತಲೆ ಮೇಲೆ ಕಾಣೋ ಎರಡು ಲೋಹದ ಚುಕ್ಕೆ ನಡುವೆ ಮಿಲಿವೋಲ್ಟ್ ಅಳೀರಿ. ಸೊನ್ನೆ ಅಲ್ಲದ್ದು ಎಲ್ಲಿ ಕಾಣುತ್ತೋ ಆ ಸರ್ಕ್ಯೂಟಲ್ಲಿ ಕರೆಂಟ್ ಹರೀತಾ ಇದೆ.

ಡೀಸೆಲ್‌ದಾಸ:

ಫೋಮ್ ಸುಟ್ಟಿದ್ದು ಓದಿ ಎದ್ದು ಹೋಗಿ ನಂದೂ ಬಿಚ್ಚಿ ನೋಡ್ದೆ. ನಂದು ಲೋಹದ ಮೇಲೆ ಬೋಲ್ಟ್ ಹಾಕಿ ಕೂರಿಸಿದ್ದಾರೆ, ಏನೂ ಸುಟ್ಟಿಲ್ಲ. ಸರಿಯಾಗಿ ಹಾಕಿದ್ರೆ ನಡೆಯುತ್ತೆ ಅಂತ ನಾನು ಈಗಲೂ ಹೇಳ್ತೀನಿ.

ತಾಮ್ರದತಂತಿ:

ಲೋಹಕ್ಕೆ ಬಿಗಿದಿದ್ರೆ ಸುಡಲ್ಲ, ಒಪ್ಪಿದೆ. ಕರೆಂಟ್ ಏನೂ ಉಳಿದಿಲ್ಲ ಅನ್ನೋದನ್ನ ನೀವು ಒಪ್ಪಿ. ನಾಳೆ ಆ ಎಲ್‌ಇಡಿ ಸತ್ತರೂ ಡ್ಯಾಶ್‌ಬೋರ್ಡ್ ನಿಮಗೆ ಹೇಳಲ್ಲ, ರೆಸಿಸ್ಟರ್ ಕರೆಂಟ್ ಎಳೀತಾನೇ ಇರುತ್ತಲ್ಲ. ಇಂಡಿಕೇಟರ್ ಇಲ್ಲದೆ ಓಡಿಸ್ತಾ ಇದ್ದೀರಿ ಅಂತ ಹಿಂದಿನವರು ಹಾರ್ನ್ ಹೊಡೆದೇ ತಿಳಿಸಬೇಕು.

ರಾತ್ರಿಪಾಳಿ:

ಮುಗಿಸ್ದೆ. ಗ್ರೌಂಡ್ ಪಿನ್ ಈಗ 0.05. ಬ್ರೇಕ್ ಒತ್ತಿದ್ರೆ ಬ್ರೇಕ್ ಲೈಟು ಮಾತ್ರ. ಡಿಕ್ಕಿ ಮುಚ್ಚಿದ್ರೂ ನಂಬರ್ ಪ್ಲೇಟ್ ಉರಿಯುತ್ತೆ. ಲಾಕ್ ಮಾಡಿ ಬಿಟ್ಟು ಅಳೆದ್ರೆ ಮೊದಲು ಕೆಲವು ಆಂಪಿಯರ್ ಇದ್ದದ್ದು ಮೆಟ್ಟಿಲು ಇಳಿದ ಹಾಗೆ ಇಳಿದು 28 ಮಿಲಿಆಂಪಿಯರಲ್ಲಿ ನಿಂತ್ಕೊಳ್ತು. ಮಾಡ್ಯೂಲ್ ಹಳೇದೇ.

ಬಲ್ಬ್ ಅದಲು ಬದಲು ಮಾಡಿದ್ರೆ ಗುಲಾಬಿ ಎಡಕ್ಕೆ ಹೋಯ್ತು, ಹಾಗಾಗಿ ಬಲ್ಬೇ. ನನ್ನ ಬಲ್ಬಿನ ನಮೂನೆ ಡಿ1ಎಸ್. ಅಂಗಡಿಯವರು ಡಿ1ಎಸ್ ಸ್ಟಾಕ್ ಇಲ್ಲ, ಡಿ3ಎಸ್ ಇದೆ, ನೋಡೋಕೆ ಒಂದೇ ಥರ ಅಂತಿದ್ದಾರೆ. ಹಾಕಬಹುದಾ? ಬೆಳಕು ನೆಲ ನೋಡೋದೂ ಹಾಗೇ ಇದೆ.

ತಾಮ್ರದತಂತಿ:

ಹಾಕಬಾರದು. ಡಿ1ಎಸ್ ಉರಿಯೋದು 85 ವೋಲ್ಟಲ್ಲಿ, ಡಿ3ಎಸ್ 42ರಲ್ಲಿ. ಎರಡೂ 35 ವ್ಯಾಟ್, ಆದ್ರೆ ಬ್ಯಾಲಸ್ಟ್ ಬೇರೆ. ಡಿ3ಎಸ್‌ನಲ್ಲಿ ಪಾದರಸ ಇಲ್ಲ, ಅದಕ್ಕೇ ಲೆಕ್ಕ ಬದಲಾಗೋದು. ಡಿ1ಎಸ್ ಬರೋವರೆಗೆ ಕಾಯಿರಿ, ಬಂದಾಗ ಎರಡೂ ಕಡೆಗೆ ಒಟ್ಟಿಗೆ ಹಾಕಿ, ಇಲ್ಲಾಂದ್ರೆ ಒಂದು ಕಣ್ಣು ಬಿಳಿ ಒಂದು ಕಣ್ಣು ಹಳದಿ.

ನೆಲ ನೋಡೋದು: ಹಿಂದಿನ ಸಸ್ಪೆನ್ಷನ್ ಆರ್ಮ್ ಹತ್ರ ಗಾಡಿ ಎತ್ತರ ಅಳೆಯೋ ಸೆನ್ಸರ್ ಇರುತ್ತೆ, ಅದಕ್ಕೆ ಸಣ್ಣ ಕಡ್ಡಿ ಜೋಡಿಸಿರ್ತಾರೆ, ಎರಡೂ ತುದಿಯಲ್ಲಿ ಗುಂಡು. ತುಕ್ಕು ಹಿಡಿದು ಅಥವಾ ಪ್ಲಾಸ್ಟಿಕ್ ಒಡೆದು ಕಡ್ಡಿ ಕಳಚಿಕೊಂಡ್ರೆ ಗಾಡಿಗೆ ತನ್ನ ಎತ್ತರ ತಿಳಿಯಲ್ಲ. ಎದುರಿನವರ ಕಣ್ಣಿಗೆ ಹೊಡೆಯೋದು ಬೇಡ ಅಂತ ಬೆಳಕನ್ನ ಕೆಳಗಿಳಿಸಿ ಇಟ್ಟುಬಿಡುತ್ತೆ. ಮುಂದಿನ ಚಕ್ರದ ಹತ್ರನೂ ಒಂದು ಇರುತ್ತೆ, ಎರಡೂ ನೋಡಿ. ಕಡ್ಡಿ ಮಾತ್ರ ಬೇರೆಯಾಗಿ ಸಿಗುತ್ತೆ ಎಷ್ಟೋ ಗಾಡಿಗೆ.

ಹಾಕಿದ ಮೇಲೆ ಸ್ಕ್ಯಾನರಲ್ಲಿ ಹೆಡ್‌ಲೈಟ್ ಮೂಲ ಸ್ಥಾನ ಹೊಂದಿಸೋದು ಬಿಡಬೇಡಿ. ನೆಲ ಸಮತಟ್ಟಾಗಿರಬೇಕು, ಟೈರಲ್ಲಿ ಗಾಳಿ ಸರಿಯಿರಬೇಕು, ಡಿಕ್ಕಿಯಲ್ಲಿ ಸಾಮಾನು ಇರಬಾರದು, ಬಾಗಿಲೆಲ್ಲಾ ಮುಚ್ಚಿರಬೇಕು. ಎತ್ತರವನ್ನ ಕಲಿಸಿ ಮುಗಿಸಿದ ಮೇಲೆ ಸ್ಕ್ರೂ ತಿರುಗಿಸಿ ಬೆಳಕು ಗೋಡೆ ಮೇಲೆ ಹೊಂದಿಸೋದು. ಮೊದಲೇ ಸ್ಕ್ರೂ ತಿರುಗಿಸಿ ಸರಿ ಮಾಡಿದ್ರೆ, ಆಮೇಲೆ ಸೆನ್ಸರ್ ಸರಿಹೋದ ದಿನ ಎದುರು ಬರೋರ ಕಣ್ಣು ಕುರುಡು. ಕಡ್ಡಿಯ ಫೋಟೋ ಹಾಕಿ, ಎಡದ್ದೋ ಬಲದ್ದೋ ನೋಡಿ ಹೇಳ್ತೀನಿ.